ಇಸ್ತ್ರಿ ಮಾಡಿದ ಪರದೇಶದ ನೋಟು

ಇಸ್ತ್ರಿಯಮ್ಮನಿಗೆ ಸುಕ್ಕು ಕಂಡರೆ ಆಗದು. ಬೀದಿಯವರ ಅಂಗಿ ಪ್ಯಾಂಟಿನ ಮಾತು ಬಿಡಿ, ಮನೆಯ ಒರೆಸುವ ಬಟ್ಟೆ, ದಿಂಬಿನ ಚೀಲ, ಕೊನೆಗೆ ಲೈಟಿನ ಬಿಲ್ಲಿಗೂ ಅವಳ ಪೆಟ್ಟಿಗೆಯ ಬಿಸಿ ತಾಗಲೇಬೇಕು. ಗಿರಾಕಿಗಳು ಮುದುರಿ ಕೊಟ್ಟ ನೋಟುಗಳನ್ನು ತೆಳು ಬಟ್ಟೆಯಡಿ ಹಾಸಿ, ಒಂದು ಸಲ ಎಳೆದು, ಗರಿಗರಿಯಾದ ಮೇಲೆಯೇ ಅಕ್ಕನ ಕೈಗೆ ಕೊಡುವುದು. ಮೂವತ್ತು ವರ್ಷದಿಂದ ಇದೇ ನಡೆದುಬಂದಿದೆ.

ತಾಯಿ ಹೋದಾಗ ಇವಳಿಗೆ ಆರು ವರ್ಷ, ಅಕ್ಕನಿಗೆ ಹದಿನೈದು. ಅಕ್ಕ ಟೈಲರ್ ಅಂಗಡಿಯಲ್ಲಿ ಕಾಜಾ ಹೊಲಿದು, ಗುಂಡಿ ಹಚ್ಚಿ ತಂಗಿಯನ್ನು ಸಾಕಿದಳು. ಯಾರಾದರೂ ಮದುವೆಯ ಮಾತೆತ್ತಿದರೆ, "ಮೊದ್ಲು ಈ ಅಂಗಿ ಮುಗೀಲಿ ತಡೀರಿ" ಅನ್ನುವಳು. ಅಂಗಿಗಳು ಮುಗಿಯಲೇ ಇಲ್ಲ, ವಯಸ್ಸು ಮುಗಿಯಿತು. ತನಗಾಗಿ ಅವಳು ಬಾಯಿಬಿಟ್ಟು ಹೇಳಿಕೊಂಡ ಆಸೆ ಒಂದೇ ಒಂದು: ಕಣ್ಣಾರೆ ಹಿಮ ಬೀಳುವುದನ್ನು ನೋಡಬೇಕು. ಹೇಳಿದ ಮರುಕ್ಷಣವೇ, "ಸುಮ್ನೆ ಅಂದೆ ಬಿಡು, ನಮಗೆಲ್ಲಾ ಯಾಕೆ ಅದು" ಎಂದು ನುಂಗಿಕೊಂಡಿದ್ದಳು.

ಆ ಮಾತನ್ನು ಇಸ್ತ್ರಿಯಮ್ಮ ಹಿಡಿದುಕೊಂಡಳು. ಆರು ವರ್ಷ ಕೂಡಿಟ್ಟು, ನಾಲ್ಕು ದಿನದ ಪ್ರವಾಸಕ್ಕೆ ಎರಡು ಟಿಕೆಟ್ಟು ತೆಗೆಸಿದಳು. ಅಂದಿನಿಂದ ಶುರುವಾಯಿತು ನೋಡಿ ಅಕ್ಕನ ರಾಗ. ಮಂಡಿ ನೋವು. ಚಳಿ ತಡೆಯಲ್ಲ. ಬೆಕ್ಕಿಗೆ ಹಾಲು ಹಾಕುವವರು ಯಾರು? ದಿನಕ್ಕೊಂದು ನೆಪ. ಇಸ್ತ್ರಿಯಮ್ಮ ಒಂದೊಂದಕ್ಕೂ ಉತ್ತರ ಹುಡುಕಿದಳು. ಬೆಕ್ಕನ್ನು ಪಕ್ಕದ ಮನೆಗೆ ಒಪ್ಪಿಸಿಯೂ ಆಯಿತು. ಆದರೂ ಇನ್ನೊಂದು ಸಣ್ಣ ಅಡ್ಡಿ ಸಿಕ್ಕರೆ ಸಾಕು, ಅಕ್ಕ ಅದನ್ನೇ ಗಟ್ಟಿಯಾಗಿ ಹಿಡಿದು ಕೂತುಬಿಡುತ್ತಾಳೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹೊರಡಲು ಎರಡು ದಿನವಿರುವಾಗ ಪರದೇಶದ ಹಣ ಕೊಳ್ಳಲು ನೋಟು ಬದಲಿಸುವ ಅಂಗಡಿಗೆ ಹೋದಳು. ಗಾಜಿನ ಹಿಂದೆ, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡ ಗುಮಾಸ್ತರು. ಗೋಡೆಯ ಬೋರ್ಡಿನಲ್ಲಿ ಎರಡು ಸಾಲು: ಕೊಳ್ಳುವ ದರ, ಮಾರುವ ದರ. ಕೊಳ್ಳುವ ದರ ಕಡಿಮೆ ಇದ್ದದ್ದು ನೋಡಿ ಅವಳಿಗೆ ಖುಷಿಯೋ ಖುಷಿ.

"ನಾನು ಕೊಳ್ಳೋಕೆ ಬಂದಿರೋದು ಸಾರ್. ಆ ಕಡಿಮೆ ದರದಲ್ಲೇ ಕೊಡಿ."

"ಅದು ನಾವು ಕೊಳ್ಳೋ ದರ ಅಮ್ಮಾ. ನಿಮಗೆ ನಾವು ಮಾರ್ತೀವಲ್ಲ, ಅದಕ್ಕೆ ಪಕ್ಕದ್ದು."

"ಅಂದ್ರೆ ಹೋಗ್ತಾನೂ ನಿಮಗೇ ಲಾಭ, ಬರ್ತಾನೂ ನಿಮಗೇ ಲಾಭ. ನಮ್ಮ ಇಸ್ತ್ರಿ ಕೆಲಸದಲ್ಲಿ ಹೀಗೆಲ್ಲಾ ಇಲ್ಲಪ್ಪ."

ಗುಮಾಸ್ತರು ನಕ್ಕರು. "ನೀವು ಬಟ್ಟೆ ತಗೊಳ್ಳುವಾಗ್ಲೂ ದುಡ್ಡು ಕೇಳಿ, ಕೊಡುವಾಗ್ಲೂ ಕೇಳಿದ್ರೆ ಗಿರಾಕಿಗಳು ಬಿಡ್ತಾರಾ? ನಮ್ಮನ್ನ ಬಿಡ್ತಾರೆ ನೋಡಿ!" ಆಮೇಲೆ ಅವಸರ ಮಾಡದೆ ಎಲ್ಲ ಬಿಡಿಸಿ ಹೇಳಿದರು. ವಿಮಾನ ನಿಲ್ದಾಣದಲ್ಲಿ ಕೊಂಡರೆ ಇನ್ನೂ ದುಬಾರಿ. ರಸೀದಿ ಜೋಪಾನ ಮಾಡಿದರೆ ಉಳಿದದ್ದನ್ನು ವಾಪಸು ಕೊಡುವುದು ಸುಲಭ. ಕಾರ್ಡಿಗೆ ಹಾಕಿಸಿಕೊಂಡರೆ ಕಳೆಯುವ ಭಯವಿಲ್ಲ.

"ಕಾರ್ಡು ಬೇಡ ಸಾರ್. ನಮ್ಮಕ್ಕ ತನ್ನ ಕೈಯಾರೆ ನೋಟು ಎಣಿಸಿ ಖರ್ಚು ಮಾಡ್ಬೇಕು. ಜೀವಮಾನದಲ್ಲಿ ಒಂದ್ಸಲ."

ಅವರು ಅವಳ ಮುಖವನ್ನೊಮ್ಮೆ ನೋಡಿ, ಹನ್ನೆರಡು ಹೊಸ ನೋಟು ಎಣಿಸಿದರು. "ಇವು ನಮ್ಮ ನೋಟಿನಂಥವಲ್ಲ. ಜೇಬಲ್ಲಿಟ್ಟು ಮರೆತು ಒಗೆದ್ರೂ ಏನೂ ಆಗಲ್ಲ" ಎಂದು ಹೇಳಿ, ಲಕೋಟೆಗೆ ಹಿಡಿಸಲೆಂದು ನಡುವೆ ಒಂದು ಮಡಿಕೆ ಹಾಕಿದರು.

ಆ ಮಡಿಕೆಯೇ ಮುಳುವಾಯಿತು. ಮಾರನೆಯ ಬೆಳಿಗ್ಗೆ ಲಕೋಟೆ ಬಿಚ್ಚಿದವಳಿಗೆ ನೋಟುಗಳ ಹೊಟ್ಟೆಯ ಮೇಲಿನ ಗೆರೆ ಕಣ್ಣಿಗೆ ಚುಚ್ಚಿತು. ಅವಳ ಕಸುಬಿನಲ್ಲಿ ಒಗೆಯಲು ಬಂದದ್ದೆಲ್ಲ ಇಸ್ತ್ರಿಗೂ ಬರುತ್ತದೆ. ಅದರಲ್ಲಿ ಅನುಮಾನಪಡುವುದೇನಿದೆ? ಏಳು ನೋಟು ಹಾಸಿ, ಬಟ್ಟೆ ಹೊದಿಸಿ, ನಾಲ್ಕು ಹನಿ ನೀರು ಚಿಮುಕಿಸಿ, ಪೆಟ್ಟಿಗೆ ಎಳೆದಳು. ಆಮೇಲೆ ಬಟ್ಟೆ ಎತ್ತಿ ನೋಡಿದಳು. ಏಳೂ ನೋಟುಗಳು ಸುಟ್ಟ ಹಪ್ಪಳದಂತೆ ಮುರುಟಿ, ಅಂಗೈಗಿಂತ ಚಿಕ್ಕದಾಗಿ ಕೂತಿದ್ದವು.

ಉರಿಯುವ ಪೆಟ್ಟಿಗೆ ಆರಿಸಿದ್ದೂ ನೆನಪಿಲ್ಲದೆ ಅಂಗಡಿಗೆ ಓಡಿದಳು.

ಗುಮಾಸ್ತರು ಮುರುಟಿದ ನೋಟನ್ನು ಬೆಳಕಿಗೆ ಹಿಡಿದರು. "ಅಯ್ಯೋ, ಇದು ಪ್ಲಾಸ್ಟಿಕ್ ಅಮ್ಮಾ. ತಪ್ಪು ನಂದೇ. ಒಗೀಬಹುದು ಅಂದೆ, ಇಸ್ತ್ರಿ ಬೇಡ ಅನ್ನಲಿಲ್ಲ."

"ನೋಟಿಗೆ ಇಸ್ತ್ರಿ ಮಾಡ್ತಾಳೆ ಅಂತ ಯಾರಿಗೆ ಹೊಳೆಯುತ್ತೆ ಸಾರ್" ಎಂದು ನಡೆದದ್ದೆಲ್ಲ ಹೇಳಿಕೊಂಡು ಅತ್ತುಬಿಟ್ಟಳು. "ದುಡ್ಡು ಹೋಗ್ಲಿ. ನಮ್ಮಕ್ಕನಿಗೆ ಗೊತ್ತಾದ್ರೆ ಬರೋದೇ ಇಲ್ಲ ಅಂತಾಳೆ."

ಇಲ್ಲಿ ಯಾರೂ ಈ ನೋಟು ತೆಗೆದುಕೊಳ್ಳುವುದಿಲ್ಲ ಎಂದರು ಅವರು. ಆದರೆ ಅದನ್ನು ಅಚ್ಚು ಹಾಕಿದ ಆ ದೇಶದ ದೊಡ್ಡ ಬ್ಯಾಂಕಿನಲ್ಲಿ ತೋರಿಸಿದರೆ, ಅಳತೆ ಮಾಡಿ, ಸಾಕಷ್ಟು ಉಳಿದಿದ್ದರೆ ಬದಲಿಸಿ ಕೊಡುತ್ತಾರೆ. ಹಿಂದೆ ನಿಂತವರು ಗೊಣಗುತ್ತಿದ್ದರೂ ಕಿವಿಗೆ ಹಾಕಿಕೊಳ್ಳದೆ ಬ್ಯಾಂಕಿನ ವಿಳಾಸ ಬರೆದುಕೊಟ್ಟರು. ಇನ್ನೊಂದು ಹಾಳೆಯಲ್ಲಿ ಆ ದೇಶದ ಭಾಷೆಯಲ್ಲೇ ನಾಲ್ಕು ಸಾಲು ಬರೆದು, ಸಹಿ ಹಾಕಿದರು. ಏನು ಬರೆದರೆಂದು ಇವಳಿಗೆ ತಿಳಿಯಲಿಲ್ಲ.

ಮನೆಗೆ ಬಂದರೆ ಅಕ್ಕ ಇಸ್ತ್ರಿ ಮೇಜಿನ ಮುಂದೆ ನಿಂತಿದ್ದಳು. ಅವಸರದಲ್ಲಿ ಬಟ್ಟೆಗೆ ಅಂಟಿಕೊಂಡೇ ಉಳಿದಿದ್ದ ಒಂದು ನೋಟು ಅವಳ ಬೆರಳಲ್ಲಿತ್ತು.

"ಇದೇನೇ ಇದು?"

ಇನ್ನೇನು ಮುಚ್ಚಿಡುವುದು? ಇಸ್ತ್ರಿಯಮ್ಮ ಎಲ್ಲವನ್ನೂ ಹೇಳಿ, ತಲೆ ತಗ್ಗಿಸಿ ನಿಂತಳು. ಆರು ವರ್ಷದ ಆಸೆ ನೀರಿನ ಪಾಲಾಯಿತು ಎಂದುಕೊಂಡಳು.

ಅಕ್ಕ ನೋಟನ್ನು ಆ ಕಡೆ ಈ ಕಡೆ ತಿರುಗಿಸಿದಳು. "ಇಂಥವು ಎಷ್ಟಿವೆ?"

"ಏಳು."

"ಆ ಬ್ಯಾಂಕು ಇಲ್ಲಿಗೆ ಬರುತ್ತಾ?"

"ಇಲ್ಲ ಅಕ್ಕ. ನಾವೇ ಹೋಗ್ಬೇಕು."

"ಮತ್ತೆ ಅಳ್ತಾ ನಿಂತಿದ್ದೀಯಲ್ಲ! ಏಳು ನೋಟು ಅಂದ್ರೆ ಹುಡುಗಾಟಾನಾ? ಅಟ್ಟದ ಮೇಲಿರೋ ಸೂಟ್‌ಕೇಸ್ ಇಳಿಸು." ಮಂಡಿ ನೋವು ಎನ್ನುತ್ತಿದ್ದವಳು ತಾನೇ ಸ್ಟೂಲು ಎಳೆದು ಹತ್ತಿಬಿಟ್ಟಳು. ಇಸ್ತ್ರಿಯಮ್ಮ ನಗಬೇಕೋ ಅಳಬೇಕೋ ತಿಳಿಯದೆ ಸ್ಟೂಲಿನ ಕಾಲು ಹಿಡಿದು ನಿಂತಳು.

ಆ ದೇಶದಲ್ಲಿ ಇಳಿದ ಮೊದಲ ಬೆಳಿಗ್ಗೆಯೇ ಇಬ್ಬರೂ ಬ್ಯಾಂಕಿನ ಸಾಲಿನಲ್ಲಿ ನಿಂತರು. ಅಧಿಕಾರಿಣಿಯೊಬ್ಬಳು ಸ್ಕೇಲು ಹಿಡಿದು ಏಳೂ ನೋಟುಗಳನ್ನು ಅಳೆದಳು. ಗುಮಾಸ್ತರ ಹಾಳೆ ಓದಿದಳು. ಮತ್ತೊಮ್ಮೆ ಓದಿ, ತನ್ನ ಫೋನನ್ನು ಹಾಳೆಯ ಮೇಲೆ ಹಿಡಿದು ಇವರತ್ತ ತಿರುಗಿಸಿದಳು. ಫೋನಿನೊಳಗಿನ ಹೆಂಗಸು ಇವರ ಭಾಷೆಯಲ್ಲಿ, ಶಾಲೆಯಲ್ಲಿ ಪಾಠ ಒಪ್ಪಿಸುವಂತೆ ಹೇಳಿದಳು: "ಈಕೆ ಬಟ್ಟೆಗೆ ಇಸ್ತ್ರಿ ಮಾಡುವವರು. ತನ್ನನ್ನು ಸಾಕಿದ ಅಕ್ಕನ ಕೈಗೆ ಸುಕ್ಕಾದ ನೋಟು ಕೊಡಬಾರದೆಂದು ಹೀಗೆ ಮಾಡಿದ್ದಾರೆ. ದಯವಿಟ್ಟು ಸಹಾಯ ಮಾಡಿ."

ಅಧಿಕಾರಿಣಿ ಒಳಗೆ ಹೋಗಿ ಐದು ಹೊಸ ನೋಟು ತಂದಳು. ತೀರಾ ಸುಟ್ಟ ಎರಡಕ್ಕೆ ಆಗದೆಂದು ತಲೆಯಾಡಿಸಿ ಕ್ಷಮೆ ಕೇಳಿದಳು. ನೋಟುಗಳನ್ನು ಮಡಿಸದೆ, ಉದ್ದನೆಯ ಲಕೋಟೆಯಲ್ಲಿಟ್ಟು, ಅಕ್ಕನ ಕೈಗೇ ಕೊಟ್ಟಳು. ಕಂಡು ಕೇಳದ ಊರಿನ, ಹೆಸರು ಗೊತ್ತಿಲ್ಲದ ಹೆಂಗಸು. ಇಸ್ತ್ರಿಯಮ್ಮ ಅವಳಿಗೂ, ದೂರದಲ್ಲಿ ಗಾಜಿನ ಹಿಂದೆ ಕೂತಿರುವ ಗುಮಾಸ್ತರಿಗೂ ಸೇರಿಸಿ ಕೈ ಮುಗಿದಳು.

ಮಧ್ಯಾಹ್ನ ತಂತಿಯ ಮೇಲೆ ಹೋಗುವ ಡಬ್ಬಿಯಲ್ಲಿ ಕೂತು ಬೆಟ್ಟದ ಮೇಲೆ ಹೋದರು. ಟಿಕೆಟ್ಟಿಗೆ ಅಕ್ಕನೇ ನೋಟು ಎಣಿಸಿ ಕೊಟ್ಟಳು. ಮೇಲೆ ಕಾಲಿಡುತ್ತಿದ್ದಂತೆ ಹಿಮ ಉದುರತೊಡಗಿತು, ಸದ್ದೇ ಇಲ್ಲದೆ. ಅಕ್ಕ ಟೋಪಿ ತೆಗೆದು, ನರೆಗೂದಲ ಮೇಲೆ ಅದು ಬೀಳುವಷ್ಟೂ ಬೀಳಲಿ ಎಂದು ನಿಂತಳು.

"ಅಕ್ಕಾ, ಎರಡು ನೋಟು ಹೋಯ್ತಲ್ಲ ಅಂತ ಬೇಜಾರಾ?"

"ನಾನು ನೋಟಿಗೋಸ್ಕರ ಬಂದೆ ಅಂದ್ಕೊಂಡಿದ್ದೀಯಾ, ಪೆದ್ದೀ?" ಅಕ್ಕ ತಿರುಗಲಿಲ್ಲ. "ನನಗೆ ಬರ್ಬೇಕು ಅಂತ ಪ್ರಾಣಾನೇ ಇತ್ತು ಕಣೇ. ಬೇಡ ಬೇಡ ಅಂದು ಅಂದು ಬಾಯಿಗೆ ಅದೇ ಅಭ್ಯಾಸ ಆಗೋಗಿತ್ತು. ಬೇಡ ಅನ್ನೋಕೆ ನೂರು ನೆಪ ಸಿಗ್ತಿತ್ತು, ಹೂಂ ಅನ್ನೋಕೆ ಒಂದೂ ಸಿಗ್ತಿರ್ಲಿಲ್ಲ. ನೀನು ನೋಟು ಸುಟ್ಟು ಒಂದು ನೆಪ ಕೊಟ್ಟೆ."

ಅಕ್ಕ ಹಿಮ ಹಿಡಿದ ತಣ್ಣನೆಯ ಅಂಗೈಯನ್ನು ತಂಗಿಯ ಕೆನ್ನೆಗೆ ಒತ್ತಿ, ಚಳಿಗೆ ಅವಳು ಕಿರುಚಿದ್ದನ್ನು ಕೇಳಿ, ಹದಿನೈದರ ಹುಡುಗಿಯಂತೆ ನಕ್ಕಳು.