ಆರ್ಫಾಳ ಎರಡನೆಯ ಮನೆ

ಸಭೆ ಇದ್ದದ್ದು ಹತ್ತು ಗಂಟೆಗೆ. ಒಂಬತ್ತೂವರೆಯೊಳಗೇ ನೋರೀನ್ ಬ್ರಾಶರ್ ಕೋರ್ಟ್‌ಹೌಸಿನ ಮೊಗಸಾಲೆಯನ್ನು ಈ ತುದಿಯಿಂದ ಆ ತುದಿಗೆ ಹನ್ನೊಂದು ಸಲ ಅಳೆದಿದ್ದಳು. ಜಿಲ್ಲೆಯಂಥ ಆ ಕೌಂಟಿಯ ಆಡಳಿತ ನಡೆಸುವ ಮೂವರು ಕಮಿಷನರುಗಳಲ್ಲಿ ಅವಳೂ ಒಬ್ಬಳು. ಪಟ್ಟಣದಾಚೆಯ ಮನೆಗಳಿಗೂ ಕಟ್ಟಡ ನಿಯಮ ತರುವ ಮಾತಿಗೆ ಒಬ್ಬ ಬೇಡ ಅನ್ನುವವ, ಇನ್ನೊಬ್ಬ ಬೇಕು ಅನ್ನುವವ. ನೋರೀನಳ ಮನಸ್ಸು ಯಾವ ಕಡೆಗೆಂದು ಯಾರಿಗೂ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದರಲ್ಲವೇ ಬೇರೆಯವರಿಗೆ ಗೊತ್ತಾಗುವುದು.

ಪಟ್ಟಣಕ್ಕೆ ಅದರದೇ ಕಟ್ಟಡ ನಿಯಮಗಳಿದ್ದವು, ಗೋಡೆ ಮುಚ್ಚುವ ಮೊದಲು ಒಳಗಿನ ಕೆಲಸ ನೋಡಿ ಸಹಿ ಹಾಕುವ ಇನ್‌ಸ್ಪೆಕ್ಟರನಿದ್ದ. ಪಟ್ಟಣದ ಗಡಿ ದಾಟಿ ಗುಡ್ಡದ ಕಡೆ ಹೋದರೆ ಅವನ ಮಾತು ನಡೆಯುತ್ತಿರಲಿಲ್ಲ. ಅಲ್ಲೂ ನಿಯಮ ತರುವ ಅಧಿಕಾರವನ್ನು ಕಾನೂನು ಕೌಂಟಿಗೆ ಕೊಟ್ಟಿತ್ತು. ಆದರೆ ಇದುವರೆಗೆ ಒಬ್ಬ ಕಮಿಷನರೂ ಅದನ್ನು ಮುಟ್ಟಿರಲಿಲ್ಲ, ಏಕೆಂದರೆ ಮುಟ್ಟಿದವನು ಮುಂದಿನ ಚುನಾವಣೆಯಲ್ಲಿ ಟೋಪಿ ಎತ್ತಿಕೊಂಡು ಮನೆಗೆ ಹೋಗಬೇಕಾಗುತ್ತಿತ್ತು.

ಗುಡ್ಡದವರ ಮನೆ ಏಳುವ ರೀತಿಯೇ ಬೇರೆ. ಶನಿವಾರ ಬೆಳಿಗ್ಗೆ ನೆರೆಹೊರೆಯೆಲ್ಲ ಸುತ್ತಿಗೆ ಹಿಡಿದು ಬರುತ್ತದೆ, ಹಿಂದೆಯೇ ಬೀನ್ಸ್, ಜೋಳದ ರೊಟ್ಟಿ, ಸೇಬಿನ ಪೈ ಬರುತ್ತವೆ. ಒಬ್ಬ ಸೂರು ನೋಡಿಕೊಂಡರೆ ಒಬ್ಬ ಪೈಪು ನೋಡಿಕೊಳ್ಳುತ್ತಾನೆ. ಕೂಲಿ ಕೇಳುವಂತಿಲ್ಲ, ಕೊಡುವಂತಿಲ್ಲ. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಇನ್ನೊಂದಿದೆ. ಒಬ್ಬ ಮಾಡಿದ ಕೆಲಸವನ್ನು ಇನ್ನೊಬ್ಬ ಬಗ್ಗಿ ನೋಡಬಾರದು. ಪಕ್ಕದವನು ಕೂರಿಸಿದ ಕಿಟಕಿಯ ಮೇಲೆ ರಸಮಟ್ಟ ಇಟ್ಟು ನೋಡಿದ ತಪ್ಪಿಗೆ ಎರಡು ಮನೆಗಳ ನಡುವೆ ಹದಿನಾಲ್ಕು ವರ್ಷ ಮಾತು ನಿಂತಿತ್ತು. ಕಿಟಕಿ ಸೊಟ್ಟಗಿದ್ದದ್ದು ನಿಜ, ಅದು ಬೇರೆ ಮಾತು.

ವೈರು ಎಳೆಯುವ ಕೆಲಸ ನೋರೀನಳ ಗಂಡ ಗಾರ್ಲಂಡನದು. ಮೂರು ವರ್ಷದ ಹಿಂದೆ, ಗುಡ್ಡದವರೆಲ್ಲ ಅತ್ತೆ ಎಂದು ಕರೆಯುವ ವಿಧವೆ ಆರ್ಫಾ ಕಿಟ್ರೆಜ್‌ಳ ಮನೆಗೆ ಎಳೆದವನೂ ಅವನೇ. ಕಳೆದ ಮೇ ತಿಂಗಳಲ್ಲಿ ಆ ಮನೆ ಸುಟ್ಟುಹೋಯಿತು. ಆರ್ಫಾ ಜೀವ ಉಳಿಸಿಕೊಂಡು ಹೊರಬಂದಳು, ಕೈಗಳೆರಡೂ ಬೆಂದುಹೋದವು. ಇಡೀ ಗುಡ್ಡಕ್ಕೆ ಕೌದಿ ಹೊಲಿದುಕೊಟ್ಟ ಕೈಗಳು ಅವು. ಬೆಂಕಿಗೆ ಕಾರಣ ತಿಳಿಯಲಿಲ್ಲವೆಂದು ವಿಚಾರಣೆಗೆ ಬಂದವರು ಬರೆದುಕೊಂಡು ಹೋದರು.

ತಿಳಿಯದೆ ಏನು? ಮಾರನೆಯ ದಿನವೇ ಗಾರ್ಲಂಡ್ ಬೂದಿ ಕೆದಕಿ, ವೈರುಗಳನ್ನು ಕೂಡಿಸುವ, ಕರಗಿ ಮುದ್ದೆಯಾದ ಒಂದು ಡಬ್ಬಿಯನ್ನು ಮನೆಗೆ ತಂದಿದ್ದ. ಮನೆ ಕಟ್ಟುವಾಗ ಅವನು, ಕೆಡವಿದ ಹಳೇ ಶಾಲೆಯಿಂದ ಬಿಚ್ಚಿ ತಂದ ಅಲ್ಯೂಮಿನಿಯಂ ವೈರಿಗೆ ಹೊಸ ತಾಮ್ರದ ವೈರನ್ನು ತಿರುಚಿ, ಮೇಲೆ ಟೇಪು ಸುತ್ತಿಬಿಟ್ಟಿದ್ದ. ಹಾಗೆ ಸೇರಿಸಿದ ಜಾಗ ಕಾಯುತ್ತಾ ಕಾಯುತ್ತಾ ಒಂದು ದಿನ ಹೊತ್ತಿಕೊಳ್ಳುತ್ತದೆ. ಕೊಟ್ಟಿಗೆಯಲ್ಲಿ ಅದನ್ನು ನೋಡಿದ ನೋರೀನ್ ಇದೇನಾ ಎಂದಳು. ಅವನು ಇದೇ ಎಂದ. ಅಲ್ಲಿಂದ ಐದು ತಿಂಗಳು ಇಬ್ಬರ ಬಾಯಿಗೂ ಬೀಗ.

ಈಗ ಅಕ್ಟೋಬರ್ ಮುಗಿಯುತ್ತಾ ಬಂದಿತ್ತು. ಆರ್ಫಾ ಯಾರೋ ಕೊಟ್ಟ ಹಳೆಯ ಕ್ಯಾಂಪರ್ ಗಾಡಿಯಲ್ಲಿ ನಡುಗುತ್ತಾ ಮಲಗುತ್ತಿದ್ದಳು. ನಾಡಿದ್ದು ಶನಿವಾರ ಅವಳ ಹೊಸ ಮನೆ ಏಳಬೇಕು. ವೈರು ಎಳೆಯಲು ಗಾರ್ಲಂಡ್ ಒಪ್ಪಿಕೊಂಡಾಗಿತ್ತು.

ಅವನು ಮೊಗಸಾಲೆಗೆ ಬಂದಾಗ ನೋರೀನ್ ಗೋಡೆಯ ಮರೆಗೆ ಎಳೆದುಕೊಂಡಳು.

"ಈ ಸಲ ಬೇರೆ ಯಾರಿಗಾದ್ರೂ ಬಿಡು, ಗಾರ್ಲಂಡ್."

"ಬಿಟ್ರೆ ಯಾಕೆ ಅಂತ ಕೇಳಲ್ವಾ ಜನ? ಈ ಸಲ ಜೋಪಾನವಾಗಿ ಮಾಡ್ತೀನಿ."

"ಹೋದ ಸಲಾನೂ ಜೋಪಾನವಾಗೇ ಮಾಡಿದ್ದೆ."

ಅವನು ಟೋಪಿಯ ಅಂಚು ತಿರುವುತ್ತಾ ಒಳಗೆ ಹೋದ. ಅವಳಿಗೆ ಗಂಡನ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಕನಿಕರ ಬಂತು, ಎರಡೂ ಬಂದದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ಸಭಾಂಗಣ ಕಿಕ್ಕಿರಿದಿತ್ತು. ನಿಯಮ ತಂದರೆ ನಾಳೆ ನಾಯಿಗೂಡಿಗೂ ಪರವಾನಗಿ ಕೇಳುತ್ತೀರೆಂದು ಒಬ್ಬ ರೇಗಿದ, ಜನ ನಕ್ಕರು. ಅಧ್ಯಕ್ಷ ಡೆಲ್ಬರ್ಟ್ ತನ್ನದು ಬೇಡ ಎಂದು ಕಡ್ಡಿ ಮುರಿದಂತೆ ಹೇಳಿದ. ಇನ್ನೊಬ್ಬ ಕಮಿಷನರ್ ಲೋವೆಲ್ ತನ್ನದು ಬೇಕು ಎಂದ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವವರು ನಾವು, ಮೇ ತಿಂಗಳ ಬೆಂಕಿ ಯಾವ ಗೋಡೆಯೊಳಗಿಂದ ಬಂತೋ ದೇವರೇ ಬಲ್ಲ ಎಂದ. ಮೂರನೆಯ ಸಾಲಿನಲ್ಲಿ ಗಾರ್ಲಂಡ್ ಕಾಲು ಬದಲಿಸಿ ಕೂತ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಅವನದು; ಯಾರೂ ಗಮನಿಸದಿದ್ದದ್ದು ಅವನ ಪುಣ್ಯ.

ಕೊನೆಗೆ ಆರ್ಫಾ ಎದ್ದಳು. ನಿಯಮ ಬಂದರೆ ಇನ್‌ಸ್ಪೆಕ್ಟರನ ದಾರಿ ಕಾಯುತ್ತಾ ತನ್ನ ಚಳಿಗಾಲ ಗಾಡಿಯಲ್ಲೇ ಕಳೆಯುತ್ತದೆ ಎಂದಳು. ತನ್ನ ಮೊದಲ ಮನೆ ಕಟ್ಟಿದವರು ಈ ಕೋಣೆಯಲ್ಲೇ ಇದ್ದಾರೆ, ಅವರ ಕೆಲಸದ ಮೇಲೆ ಇನ್ನೊಬ್ಬನನ್ನು ಕಾವಲಿಡುವುದು ಅವರ ಮುಖಕ್ಕೆ ಉಗಿದಂತೆ ಎಂದಳು. ಜನ ಚಪ್ಪಾಳೆ ತಟ್ಟಿದರು. ಗಾರ್ಲಂಡನೂ ತಟ್ಟಿದ, ಎರಡೇ ಸಲ.

ಡೆಲ್ಬರ್ಟ್ ನೋರೀನಳ ಕಡೆ ತಿರುಗಿದ.

"ಬೇಕು," ಎಂದಳು. "ಇವತ್ತಿನಿಂದಲೇ. ಶನಿವಾರದ ಮನೆಯಿಂದಲೇ."

ಕೋಣೆಯಲ್ಲಿ ಗಲಾಟೆ ಎದ್ದಿತು. ಆರ್ಫಾ ಮಾತ್ರ ಇನ್ನೂ ನಿಂತೇ ಇದ್ದಳು. ಅವಳು ಬಾಯಿ ತೆರೆದ ಕೂಡಲೇ ಉಳಿದವರು ತಣ್ಣಗಾದರು.

"ಒಂದೇ ಒಂದು ಕಾರಣ ಹೇಳು ನೋರೀನ್. ಸರಿ ಅನ್ನಿಸಿದ್ರೆ ಚಳಿಗಾಲ ಪೂರ್ತಿ ಗಾಡೀಲೇ ಇರ್ತೀನಿ, ಒಂದು ಮಾತೂ ಆಡಲ್ಲ."

ಕಾರಣ ನಾಲಿಗೆಯ ತುದಿಯಲ್ಲೇ ಇತ್ತು. ನೋರೀನ್ ಗಂಡನನ್ನು ನೋಡಿದಳು. ಅವನು ನೆಲ ನೋಡುತ್ತಿದ್ದ. ಇನ್ನೊಂದು ಗಳಿಗೆ ಕಾದಿದ್ದರೆ ಅವಳೇ ಹೇಳಿಬಿಡುತ್ತಿದ್ದಳೋ, ನುಂಗಿಬಿಡುತ್ತಿದ್ದಳೋ. ಅಷ್ಟರಲ್ಲಿ ಗಾರ್ಲಂಡ್ ಟೋಪಿ ತೆಗೆದು ಎದ್ದು ನಿಂತ.

"ಬೆಂಕಿ ಬಂದಿದ್ದು ನನ್ನ ವೈರಿಂದ, ಆರ್ಫಾ ಅತ್ತೆ. ಸೇರಿಸಬಾರದ್ದನ್ನ ಸೇರಿಸಿದ್ದೆ. ಮಾರನೇ ದಿನಾನೇ ಗೊತ್ತಾಯ್ತು."

ಅವಳು ಬಯ್ಯುತ್ತಾಳೆ, ಅಳುತ್ತಾಳೆ, ಅವನ ಕಡೆಗೆ ಬರುತ್ತಾಳೆ ಎಂದು ಎಲ್ಲರೂ ಕಾದರು. ಆರ್ಫಾ ಅವನತ್ತ ತಿರುಗಲೂ ಇಲ್ಲ. ಅವಳ ಕಣ್ಣು ನೋರೀನಳ ಮೇಲೆಯೇ ಇತ್ತು.

"ನಿಂಗೂ ಗೊತ್ತಿತ್ತಾ?"

"ಗೊತ್ತಿತ್ತು ಅತ್ತೆ."

"ಐದು ತಿಂಗಳು ಭಾನುವಾರ ಭಾನುವಾರ ನಿಮ್ಮನೇಲಿ ಊಟ ಮಾಡಿದೀನಿ. ನಂಗೆ ಚಾಕು ಹಿಡಿಯಕ್ಕಾಗಲ್ಲ ಅಂತ ನೀನೇ ನನ್ನ ತಟ್ಟೇಲಿ ಕೋಳಿ ಕತ್ತರಿಸಿ ಕೊಡ್ತಿದ್ದೆ ಕಣೇ. ಆಗ್ಲೂ ಗೊತ್ತಿತ್ತಾ?"

"ಆಗ್ಲೂ ಗೊತ್ತಿತ್ತು," ಎಂದಳು ನೋರೀನ್.