ಲಿಂಗಮ್ಮನ ರೇಡಿಯೋ ಪಾಠ

ಹೊಸಹಳ್ಳಿಯ ಅಂಚಿನ ಹಂಚಿನ ಶಾಲೆಗೆ ರೇಡಿಯೋ ಬಂದದ್ದು ಐವತ್ತೇಳರಲ್ಲಿ. ತಂದವರು ಚಕ್ರಪಾಣಿ ಮೇಷ್ಟ್ರು. ಅರ್ಜಿ ಬರೆದು, ಆಫೀಸಿನ ಮೆಟ್ಟಿಲು ಸವೆಸಿ, ಕೊನೆಗೆ ಆ ಪೆಟ್ಟಿಗೆಯನ್ನು ಬ್ಯಾಟರಿ ಸಮೇತ ಜಟಕಾದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದರು. ಸ್ವಂತ ಮಗನನ್ನೂ ಅವರು ಅಷ್ಟು ಜೋಪಾನವಾಗಿ ಎತ್ತಿಕೊಂಡದ್ದನ್ನು ಯಾರೂ ಕಂಡಿರಲಿಲ್ಲ.

ವಾರಕ್ಕೆ ಮೂರು ಮಧ್ಯಾಹ್ನ ರೇಡಿಯೋ ಪಾಠ. ಪೇಟೆಯ ದೊಡ್ಡ ಶಾಲೆಯ ಮಕ್ಕಳು ಕೇಳುವುದನ್ನೇ ತಮ್ಮ ಮಕ್ಕಳೂ ಕೇಳಬೇಕೆಂಬುದು ಮೇಷ್ಟ್ರ ಆಸೆ. ಆಸೆಯಲ್ಲಿ ತಪ್ಪೇನೂ ಇರಲಿಲ್ಲ. ಪಾಠ ಮುಗಿದೊಡನೆ ಕೇಳಿದ್ದನ್ನು ಸ್ಲೇಟಿನಲ್ಲಿ ಬರೆಯಬೇಕು, ಆ ಅಂಕ ವರ್ಷದ ಪರೀಕ್ಷೆಗೂ ಸೇರುತ್ತದೆ ಎಂದು ಅವರೇ ನಿಯಮ ಮಾಡಿದರು.

ನಾಲ್ಕನೇ ಕ್ಲಾಸಿನ ಲಿಂಗಮ್ಮ ಮೇಷ್ಟ್ರ ಕಣ್ಮಣಿ. ಒಂದನೇ ಕ್ಲಾಸಿನಿಂದಲೂ ಮುಂದಿನ ಸಾಲಿನಲ್ಲಿ ಕೂತು, ರೆಪ್ಪೆ ಬಡಿಯದೆ ಅವರ ಮುಖವನ್ನೇ ನೋಡುತ್ತಿದ್ದಳು. ಇದಲ್ಲವೇ ಗುರುಭಕ್ತಿ ಎಂದು ಮೇಷ್ಟ್ರು ಒಳಗೊಳಗೇ ಉಬ್ಬುತ್ತಿದ್ದರು. ಗಿರಣಿ ಕೆಲಸದ ಅವಳಪ್ಪ ಕೆಂಪಯ್ಯ ಮಾತ್ರ ಖಡಾಖಂಡಿತ ಹೇಳಿದ್ದ: ಈ ವರ್ಷ ಪಾಸಾದರೆ ಮಿಡ್ಲ್ ಸ್ಕೂಲು, ಫೇಲಾದರೆ ಮನೆಯಲ್ಲಿ ಊದಿನಕಡ್ಡಿ ಹೊಸೆಯುವ ಕೆಲಸ.

ರೇಡಿಯೋ ಬಂದ ಮೇಲೆ ಅವಳ ಸ್ಲೇಟು ಖಾಲಿ ಉಳಿಯತೊಡಗಿತು. ಪಾಠದ ಹೊತ್ತಿನಲ್ಲಿ ಪೆಟ್ಟಿಗೆಯನ್ನು ನೋಡುತ್ತಾಳೆ, ಪಕ್ಕದ ಹುಡುಗಿಯನ್ನು ನೋಡುತ್ತಾಳೆ, ಆಮೇಲೆ ಮೇಷ್ಟ್ರನ್ನು ನೋಡುತ್ತಾಳೆ.

"ನನ್ ಮುಖದಲ್ಲೇನು ಕೋತಿ ಕುಣೀತಾ ಇದ್ಯಾ? ಪಾಠ ಅಲ್ಲಿದೆ, ಅದನ್ ಕೇಳು," ಎಂದು ಮೇಷ್ಟ್ರು ಗದರಿದರು.

ಸ್ಲೇಟು ಆಗಲೂ ಖಾಲಿಯೇ. ಹುಡುಗಿಗೆ ಕೊಬ್ಬು ಬಂದಿದೆ ಎಂದು ಹಿಂದಿನ ಸಾಲಿಗೆ ಅಟ್ಟಿದರು. ಅಲ್ಲಿ ಕೂತ ಮೇಲೆ ಮಿಕ್ಕ ಪಾಠಗಳೂ ಹಾಳಾದವು. ಏಪ್ರಿಲಿನಲ್ಲಿ ಮೇಷ್ಟ್ರು ತಮ್ಮ ಕೈಯಾರೆ, ಕೆಂಪು ಶಾಯಿಯಲ್ಲಿ, ಅವಳ ಹೆಸರಿನ ಮುಂದೆ ಫೇಲ್ ಎಂದು ಬರೆದರು.

ಶಾಲೆ ಮತ್ತೆ ತೆರೆದು ತಿಂಗಳಾದರೂ ಅವಳ ಸುಳಿವಿಲ್ಲ. ಬುದ್ಧಿ ಹೇಳಿ ಕರೆತರೋಣವೆಂದು ಮೇಷ್ಟ್ರು ಮನೆಗೇ ಹೋದರು. ಲಿಂಗಮ್ಮ ಜಗಲಿಯ ಮೇಲೆ, ಬೀದಿಗೆ ಬೆನ್ನು ಹಾಕಿ, ಕಡ್ಡಿಗಳಿಗೆ ಕಪ್ಪು ಹಿಟ್ಟು ಹೊಸೆಯುತ್ತಿದ್ದಳು. ಕರೆದರು. ಇನ್ನೊಮ್ಮೆ ಗಟ್ಟಿಯಾಗಿ ಕರೆದರು. ತಿರುಗಲಿಲ್ಲ. ಅಷ್ಟರಲ್ಲಿ ತಾಯಿ ಮುನಿತಾಯಮ್ಮ ಹೊರಗೆ ಬಂದಳು.

"ಎದುರಿಗ್ ಬಂದು ಮಾತಾಡಿ ಸ್ವಾಮಿ. ದಡಾರ ಬಂದಾಗಿಂದ ಅದಕ್ಕೆ ಕಿವಿ ಕೇಳ್ಸಲ್ಲ. ಬಾಯಿ ನೋಡ್ಕೊಂಡೇ ಎಲ್ಲಾ ತಿಳ್ಕೊಳ್ಳೋದು."

"ನನಗ್ಯಾಕಮ್ಮ ಹೇಳ್ಲಿಲ್ಲ?"

"ಹೇಳಿದ್ರೆ ಸೇರಿಸ್ಕೊಳ್ಳಲ್ವೇನೋ ಅಂತ ಹೆದರ್ಕೊಂಡ್ವಿ. ಆಮೇಲೆ ಚೆನ್ನಾಗಿ ಓದ್ತಾ ಇದ್ಲಲ್ಲ, ನಿಮಗೇ ಗೊತ್ತಾಗಿರುತ್ತೆ ಅಂದ್ಕೊಂಡೆ."

ನಾಲ್ಕು ವರ್ಷ ಎದುರಿಗಿದ್ದ ಮಗುವನ್ನು ತಾವು ಒಂದು ದಿನವೂ ಸರಿಯಾಗಿ ನೋಡಿರಲಿಲ್ಲವಲ್ಲ ಎಂದುಕೊಂಡರು ಮೇಷ್ಟ್ರು.

"ನಾಳೆನೇ ಕಳ್ಸಿ. ಮುಂದೆ ಕೂರಿಸ್ಕೋತೀನಿ. ಫೇಲನ್ನ ನಾನೇ ತಿದ್ದಿಸ್ತೀನಿ."

"ಬೇಡಿ ಸ್ವಾಮಿ. ಕಿವುಡಿಗೆ ಓದು ಯಾತಕ್ಕೆ ಅಂತ ನಮ್ಮನೆಯವ್ರು ಮೊದ್ಲಿಂದ್ಲೂ ಅಂತಿದ್ರು. ಮೇಷ್ಟ್ರೇ ಫೇಲು ಅಂದ್ಮೇಲೆ ಮುಗೀತು ಅಂದ್ಬಿಟ್ರು. ಕೈ ಮುಗಿದು ಕೇಳ್ಕೊಂಡಿದೀನಿ, ಜಪ್ಪಯ್ಯ ಅಂದ್ರೂ ಒಪ್ಪಲಿಲ್ಲ."

ನೆರಳು ಕಂಡು ಲಿಂಗಮ್ಮ ತಿರುಗಿದಳು. ಗಡಬಡಿಸಿ ಎದ್ದು, ಕೈ ಲಂಗಕ್ಕೆ ಒರೆಸಿಕೊಂಡು, ಮೊದಲಿನಂತೆಯೇ ಅವರ ಮುಖ ನೋಡುತ್ತ ನಿಂತಳು. ಆ ನೋಟವನ್ನು ಮೇಷ್ಟ್ರಿಗೆ ತಡೆಯಲಾಗಲಿಲ್ಲ. ತಲೆ ತಗ್ಗಿಸಿ, ಹೆಗಲಿನ ವಲ್ಲಿಯನ್ನು ಬಾಯಿಗೆ ಒತ್ತಿಕೊಂಡು, "ತಪ್ಪು ನಂದು ಕಣಮ್ಮ," ಎಂದರು.

ಲಿಂಗಮ್ಮ ಬಗ್ಗಿ ಅವರ ಮುಖ ಹುಡುಕಿದಳು.

"ಕಾಣ್ಸಲಿಲ್ಲ ಮೇಷ್ಟ್ರೇ. ಇನ್ನೊಂದ್ಸಲ ಹೇಳಿ."