ನುಹಾಳ ಬುತ್ತಿಯ ಹುಳಿರೊಟ್ಟಿ

ಮೂರನೆಯ ಕ್ಲಾಸಿನ ಮಕ್ಕಳಿಗೆ ಕರುಣೆ ಕಲಿಸಬೇಕೆಂದು ನವ್ಯಶ್ರೀ ಟೀಚರು ಹೊರಟದ್ದು ಒಣಸಿಗಡಿ ಚಟ್ನಿಯ ದೆಸೆಯಿಂದ. ಗಲ್ಫಿನ ಫರ್ವಾನಿಯಾದ ಆ ಇಂಡಿಯನ್ ಸ್ಕೂಲಿನಲ್ಲಿ ಮಧ್ಯಾಹ್ನದ ಬುತ್ತಿ ಬಿಚ್ಚಿದರೆ ಅರ್ಧ ದೇಶದ ಅಡುಗೆಮನೆ ಒಂದೇ ಕೋಣೆಗೆ ಬಂದು ಕೂತಂತಾಗುತ್ತಿತ್ತು. ಒಂದು ದಿನ ಹರ್ಬರ್ಟ್ ಎಂಬ ಮಂಗಳೂರಿನ ಹುಡುಗ ಡಬ್ಬಿ ತೆರೆದ. ಹಿಂದಿನ ಬೆಂಚಿನವರು ಮೂಗು ಹಿಡಿದು "ಛೀ" ಎಂದರು. ಹುಡುಗ ಎದ್ದುಹೋಗಿ, ಅನ್ನವನ್ನೆಲ್ಲ ಕಸದ ಡಬ್ಬಕ್ಕೆ ಸುರಿದು ಬಂದು, "ಹಸಿವಿಲ್ಲ ಮಿಸ್" ಎಂದು ಕೂತುಬಿಟ್ಟ. ಟೀಚರಿಗೆ ಕರುಳು ಚುರ್ ಎಂದಿತು. ಆ ಚಟ್ನಿಯ ವಾಸನೆಗೆ ಕಾರ್ಕಳದವಳಾದ ಅವಳ ಬಾಯಲ್ಲೇ ನೀರೂರಿತ್ತು, ಆ ಮಾತು ಬೇರೆ.

ಇಂಥದ್ದಕ್ಕೆಂದೇ ಮಾರಲ್ ಸೈನ್ಸ್ ಪುಸ್ತಕದಲ್ಲಿ ಒಂದು ಪಾಠವಿತ್ತು. ಬಣ್ಣಬಣ್ಣದ ಮಕ್ಕಳು ಭೂಗೋಳದ ಸುತ್ತ ಕೈಕೈ ಹಿಡಿದು ನಿಂತ ಚಿತ್ರ, ಕೆಳಗೆ ಬಾಯಿಪಾಠ ಮಾಡಲು ನಾಲ್ಕು ಸಾಲು. ಪರೀಕ್ಷೆಯಲ್ಲಿ ಅದನ್ನು ತಪ್ಪಿಲ್ಲದೆ ಬರೆದವರೇ ಹೊರಗೆ ಬಂದು ಮೂಗು ಮುಚ್ಚುತ್ತಿದ್ದರು. ನವ್ಯಶ್ರೀ ಪುಸ್ತಕ ಮಡಚಿಟ್ಟು ತನ್ನದೇ ಒಂದು ನಿಯಮ ಮಾಡಿದಳು. ಇನ್ನು ಯಾರೂ ಛೀ ಎನ್ನುವ ಹಾಗಿಲ್ಲ. ಹಾಗೆನ್ನಬೇಕು ಅನ್ನಿಸಿದರೆ ಎರಡು ಪ್ರಶ್ನೆ ಕೇಳಬೇಕು. ಇದನ್ನು ಮಾಡಿದವರು ಯಾರು? ಮಾಡುವಾಗ ಅವರಿಗೆ ಏನು ನೆನಪಾಗುತ್ತದೆ? ಕೇಳಿಯಾದ ಮೇಲೆ ಒಂದು ತುತ್ತು ತಿನ್ನಬೇಕು.

ಮಕ್ಕಳಿಗೆ ಇದು ಆಟಕ್ಕಿಂತ ರುಚಿಸಿತು. ಹರ್ಬರ್ಟನ ಚಟ್ನಿ ಅವನ ಅಜ್ಜಿಯ ಕೈಯದ್ದು, ಅದನ್ನು ಅರೆಯುವಾಗ ಅಜ್ಜಿಗೆ ಸತ್ತುಹೋದ ತಮ್ಮನ ದೋಣಿ ನೆನಪಾಗುತ್ತದೆ ಎಂದು ಗೊತ್ತಾದ ದಿನ ಇಡೀ ಕ್ಲಾಸು ಸಾಲಾಗಿ ನಿಂತು ಚಟ್ನಿ ನೆಕ್ಕಿತು. ಹುಡುಗ ಬಿಸಿಲಿಗೆ ಬಂದ ಗಿಡದ ಹಾಗೆ ನೆಟ್ಟಗಾದ. ಟೀಚರಿಗಂತೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗಂಡ ಸದಾನಂದ ಕೆಲಸ ಮಾಡುವ ಶೋರೂಮಿನಿಂದ ಬಂದು ಬೂಟು ಬಿಚ್ಚುವ ಮೊದಲೇ ಆ ದಿನದ ಬುತ್ತಿಯ ವರದಿ ಅವನ ಕಿವಿಗೆ ಬೀಳುತ್ತಿತ್ತು.

"ಆಯ್ತು ಮಾರಾಯ್ತಿ, ಒಳ್ಳೇದೇ," ಎನ್ನುತ್ತಿದ್ದ ಸದಾನಂದ. "ಆದರೆ ಈ ಊರಲ್ಲಿ ಜಾಸ್ತಿ ಪ್ರಶ್ನೆ ಕೇಳಿ ಅಭ್ಯಾಸ ಮಾಡಿಸ್ಬೇಡ."

ಅವನ ಮಾತಿಗೆ ಕಾರಣವಿತ್ತು. 2013ರ ಆ ತಿಂಗಳು ಊರಿನ ಗಾಳಿ ಸರಿಯಿರಲಿಲ್ಲ. ಎಲ್ಲೆಂದರಲ್ಲಿ ಚೆಕಿಂಗು. ಅಂಗಡಿ ಸಾಲಿನ ತುದಿಯಲ್ಲಿ ಬಸ್ಸು ತಂದು ನಿಲ್ಲಿಸುತ್ತಿದ್ದರು, ಇಕಾಮಾ, ಅಂದರೆ ವಾಸದ ಪರವಾನಗಿ, ಇಲ್ಲದವರನ್ನು ಅದಕ್ಕೆ ಹತ್ತಿಸುತ್ತಿದ್ದರು. ಸದಾನಂದ ಕಸ ಬಿಸಾಡಲು ಕೆಳಗಿಳಿದರೂ ಐಡಿ ಕಾರ್ಡು ಜೇಬಿನಲ್ಲಿಟ್ಟುಕೊಂಡೇ ಇಳಿಯುತ್ತಿದ್ದ.

ಅಂಥ ದಿನಗಳಲ್ಲೊಂದು ಮಂಗಳವಾರ ನುಹಾ ತನ್ನ ಡಬ್ಬಿ ತೆರೆದಳು. ಬ್ಯಾರಿಗಳ ಮನೆಯ ಮಗು, ತಂದೆ ಶಬೀರ್ ಕಿರಾಣಿ ಅಂಗಡಿಯವನು. ಎಂದಿನ ಅಕ್ಕಿಯ ಪತ್ತಿರ್ ರೊಟ್ಟಿ ಇರಲಿಲ್ಲ. ಒದ್ದೆ ಬಟ್ಟೆಯ ಹಾಗೆ ಮಡಚಿಟ್ಟ, ಮೈತುಂಬ ತೂತಿನ, ಕಂದುಬಣ್ಣದ ಒಂದು ರೊಟ್ಟಿ. ಹುಳಿ ವಾಸನೆ ಕೋಣೆಯ ತುಂಬ ಹರಡಿತು. ಯಾರೂ ಛೀ ಎನ್ನಲಿಲ್ಲ. ಮೊದಲು ಎದ್ದು ಬಂದವನು ಹರ್ಬರ್ಟ್.

"ಇದನ್ನು ಮಾಡಿದ್ದು ಯಾರು?" ಎಂದು ಇಂಗ್ಲಿಷಿನಲ್ಲಿ ಕೇಳಿದ. ಆ ಮಕ್ಕಳ ಮಾತೆಲ್ಲ ಇಂಗ್ಲಿಷೇ.

"ಅಸ್ತೇರ್ ಆಂಟಿ. ಅವರದ್ದು ಇಥಿಯೋಪಿಯಾ."

"ಮಾಡುವಾಗ ಅವರಿಗೆ ಏನು ನೆನಪಾಗುತ್ತದೆ?"

"ಅವರ ಮಗ. ಈಗ ಎಷ್ಟು ಎತ್ತರ ಆಗಿದ್ದಾನೆ ಅಂತ ಅವರಿಗೆ ಗೊತ್ತಿಲ್ಲ. ನನ್ನನ್ನು ಗೋಡೆಗೆ ನಿಲ್ಲಿಸಿ ಅಳತೆ ನೋಡುತ್ತಾರೆ." ನುಹಾ ಸಂಭ್ರಮದಿಂದ ಮುಂದುವರಿಸಿದಳು. "ಅವರು ಬಾಲ್ಕನಿಗೆ ಬರುವ ಹಾಗಿಲ್ಲ. ಬೆಲ್ ಆದರೆ ಬಾತ್‌ರೂಮಿಗೆ ಓಡುತ್ತಾರೆ. ನಾವು ಕಣ್ಣಾಮುಚ್ಚಾಲೆ ಅಂತೇವೆ, ಆದರೆ ಅದು ಆಟ ಅಲ್ಲ."

ನವ್ಯಶ್ರೀ ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟಳು. ಮಾತು ತಿರುಗಿಸೋಣವೆಂದರೆ ಮಕ್ಕಳು ಬಿಡಬೇಕಲ್ಲ! ಪಾಪ ಆಂಟಿ ಎಂದರು. ಆಂಟಿಯನ್ನು ಕ್ಲಾಸಿಗೆ ಕರೆಯೋಣ ಎಂದರು. ತುಂಡು ತುಂಡು ಹಂಚಿ ತಿಂದು, ಹುಳಿಗೆ ಕಣ್ಣು ಮುಚ್ಚಿ, ಚೆನ್ನಾಗಿದೆ ಎಂದರು. ಹರ್ಬರ್ಟ್ ತನ್ನ ಪಾಲಿನಲ್ಲಿ ಅರ್ಧ ಮುರಿದು ಟಿಶ್ಯೂನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡದ್ದನ್ನು ಟೀಚರು ನೋಡಲಿಲ್ಲ. ಆ ಸಂಜೆ ಕ್ಲಾಸಿನ ಅಷ್ಟೂ ಮಕ್ಕಳು ಅಸ್ತೇರ್ ಆಂಟಿಯ ಕಥೆ ಹೊತ್ತುಕೊಂಡು ಮನೆಗೆ ಹೋದರು. ಎಷ್ಟು ಚೆನ್ನಾಗಿ ಕಲಿಸಿದ್ದಳು ನೋಡಿ.

ಸ್ಕೂಲು ಬಿಟ್ಟದ್ದೇ ನವ್ಯಶ್ರೀ ನುಹಾಳ ಮನೆ ಹುಡುಕಿಕೊಂಡು ನಡೆದಳು. ಬೆಲ್ ಒತ್ತಿದಳು. ಒಳಗೆ ಬರಿಗಾಲಿನ ಓಟ, ಬಾಗಿಲ ಚಿಲಕ ಹಾಕಿದ ಸದ್ದು. ಬಹಳ ಹೊತ್ತಿನ ಮೇಲೆ ನುಹಾಳ ತಾಯಿ ಕದೀಜಾ ಬಾಗಿಲು ತೆರೆದಳು.

ಟೀಚರು ಕ್ಲಾಸಿನಲ್ಲಿ ಆದದ್ದನ್ನು ಹೇಳಿ ಮುಗಿಸುವಷ್ಟರಲ್ಲಿ ಕದೀಜಾ ಸೋಫಾದ ಅಂಚಿಗೆ ಕುಸಿದಿದ್ದಳು.

"ಇಸ್ತ್ರಿಪೆಟ್ಟಿಗೆಯಲ್ಲಿ ಕೈ ಸುಟ್ಟಿದ್ರು ಟೀಚರೇ, ಆ ಮನೆಯವರು," ಎಂದಳು. "ಚಪ್ಪಲಿ ಕೂಡ ಇಲ್ಲದೆ ನಮ್ಮ ಅಂಗಡಿಗೆ ಓಡಿ ಬಂದದ್ದು. ಹೊರಗೆ ಹಾಕುದು ಹೇಗೆ, ಹೇಳಿ? ಅವಳಿಗೆ ವೀಸಾ ಕೊಟ್ಟ ಧಣಿ, ಆ ಕಫೀಲ್, ಓಡಿಹೋದವಳು ಅಂತ ಕೇಸ್ ಕೊಟ್ಟಿದ್ದಾನೆ. ಅವಳ ಎಂಬೆಸಿಯವರು ಊರಿಗೆ ಹೋಗ್ಲಿಕ್ಕೆ ಕಾಗದ ಮಾಡಿ ಕೊಡ್ತೇವೆ ಅಂದಿದ್ದಾರೆ. ಇನ್ನೊಂದು ವಾರ. ಅಷ್ಟರೊಳಗೆ ಸಿಕ್ಕಿಬಿದ್ರೆ ಅವಳನ್ನು ಪುನಃ ಅದೇ ಮನೆಗೆ ತಳ್ತಾರೆ. ನಮ್ಮದೂ ಖಲಾಸ್."

"ನನಗೆ ಗೊತ್ತಿರ್ಲಿಲ್ಲ ಕದೀಜಾ."

"ನೀವು ಒಳ್ಳೇದೇ ಕಲಿಸಿದ್ದು. ಈಗ ಆ ಒಳ್ಳೇದನ್ನು ಸ್ವಲ್ಪ ಹಿಂದೆ ತಕ್ಕೊಳ್ಬೇಕು." ಕದೀಜಾ ಕಣ್ಣೊರೆಸಿಕೊಂಡಳು. "ನುಹಾ ಸುಳ್ಳು ಹೇಳಿದ್ದು ಅಂತ ಕ್ಲಾಸಲ್ಲಿ ಹೇಳಿ. ಅಂಥ ಹೆಂಗಸೇ ಇಲ್ಲ ಅಂತ ಹೇಳಿ."

ಹೊರಡುವಾಗ ಬಾತ್‌ರೂಮಿನ ಬಾಗಿಲು ಒಂದಿಷ್ಟೇ ಸರಿದಿತ್ತು. ಸಂದಿಯಲ್ಲಿ ಒಂದು ಕಣ್ಣು, ಮತ್ತು ಬ್ಯಾಂಡೇಜು ಸುತ್ತಿದ ಕೈ. ನವ್ಯಶ್ರೀ ನಗಲು ಹೋದಳು, ಬಾಗಿಲು ಮುಚ್ಚಿಕೊಂಡಿತು.

ಮರುದಿನ ಅವಳು ಹೇಳಿದಳು. ಮೇಜಿನ ಅಂಚು ಹಿಡಿದುಕೊಂಡು, ನುಹಾಳ ಮುಖ ನೋಡದೆ ಹೇಳಿದಳು. ಅಸ್ತೇರ್ ಆಂಟಿ ಎಂಬವರು ಇಲ್ಲ, ನುಹಾ ಚಂದದ ಕಥೆ ಕಟ್ಟಿದ್ದು, ರೊಟ್ಟಿ ಅಂಗಡಿಯದ್ದು. ಆಮೇಲೆ ಹಿಂದಿನ ಬೆಂಚಿನಿಂದ "ಸುಳ್ಳಿ" ಎಂಬ ಪಿಸುಮಾತು ಬಂತು, ಅದರ ಹಿಂದೆ ಇನ್ನೊಂದು. ಯಾರೋ ಮೂಗು ಹಿಡಿದು ನಕ್ಕರು. ಮನೆಯಲ್ಲಿ ಪಾಠ ಮಾಡಿಸಿಕೊಂಡು ಬಂದಿದ್ದ ನುಹಾ ಎದ್ದು ನಿಂತು, "ಸಾರಿ, ನಾನು ಸುಳ್ಳು ಹೇಳಿದ್ದು" ಎಂದು ಕೂತಳು. ನವ್ಯಶ್ರೀಗೆ ತನ್ನ ಮೇಲೇ ಅಸಹ್ಯವಾಯಿತು. ಮಧ್ಯಾಹ್ನ ಆ ಮಗುವಿನ ಪಕ್ಕ ಯಾರೂ ಬುತ್ತಿ ಬಿಚ್ಚಲಿಲ್ಲ. ಹರ್ಬರ್ಟ್ ಮಾತ್ರ ತನ್ನ ಡಬ್ಬಿ ಎತ್ತಿಕೊಂಡು ಹೋಗಿ, ಏನೂ ಕೇಳದೆ, ಅವಳ ಪಕ್ಕ ಕೂತ.

ಗುರುವಾರ ಊಟದ ಹೊತ್ತಿಗೆ ಹರ್ಬರ್ಟನ ತಂದೆ ಬಂದ. ರೋಕ್ ಎಂದು ಹೆಸರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಮೆತ್ತನೆಯ ಮಾತು, ಕೈಯಲ್ಲಿ ಮಕ್ಕಳಿಗೆಂದು ಒಂದು ಡಬ್ಬ ಚಾಕೊಲೇಟು.

"ನಿಮಗೆ ಥ್ಯಾಂಕ್ಸ್ ಹೇಳ್ಲಿಕ್ಕೆ ಬಂದದ್ದು ಟೀಚರೇ," ಎಂದ. "ಸ್ಕೂಲಿಗೆ ಹೋಗುದಿಲ್ಲ ಅಂತ ಅಳ್ತಿದ್ದ ಹುಡುಗ. ಈಗ ನೋಡಿ, ಅಜ್ಜಿಗೆ ಫೋನ್ ಮಾಡಿ ಚಟ್ನಿಯ ಕಥೆ ಕೇಳ್ತಾನೆ. ನಿಮ್ಮಂಥವರು ಬೇಕು."

ಆ ಹೊಗಳಿಕೆ ನಿಜವಾದದ್ದೇ ಆಗಿತ್ತು. ಅದಕ್ಕೇ ನವ್ಯಶ್ರೀ ಕುರ್ಚಿ ಎಳೆದು ಕೊಟ್ಟಳು, ಎಲ್ಲಿ ಕೆಲಸ ಎಂದು ಕೇಳಿದಳು.

"ಮನೆಗೆಲಸದವರನ್ನು ತರಿಸುವ ಆಫೀಸು. ಇಥಿಯೋಪಿಯಾ, ಶ್ರೀಲಂಕಾ. ಯಾರಾದ್ರೂ ಓಡಿಹೋದ್ರೆ ಹುಡುಕಿ ಕೊಡುದೂ ನಾವೇ," ಎಂದು ರೋಕ್ ಜೇಬಿನಿಂದ ಟಿಶ್ಯೂ ತೆಗೆದು ಮೇಜಿನ ಮೇಲೆ ಬಿಡಿಸಿದ. ಒಣಗಿ ಅಂಚು ಮುರುಟಿದ್ದರೂ ತೂತುಗಳು ಹಾಗೇ ಇದ್ದವು. "ಮಗ ಮನೆಗೆ ತಂದದ್ದು, ಮಮ್ಮಿ ತಿನ್ನಲಿ ಅಂತ. ಇದನ್ನು ಮಾಡಿದವರು ಯಾರು ಟೀಚರೇ?"

ಅವಳ ಪ್ರಶ್ನೆ ಅವಳ ಕಡೆಗೇ ತಿರುಗಿ ಬಂದು ನಿಂತಿತ್ತು.

"ಅಂಗಡಿಯದ್ದು," ಎಂದಳು ನವ್ಯಶ್ರೀ. "ಮಗು ಸುಮ್ಮನೆ ಕಥೆ ಹೇಳಿದ್ದು."

"ನಮ್ಮ ಆಫೀಸಲ್ಲಿ ಹುಡುಗಿಯರು ಶುಕ್ರವಾರ ಇದನ್ನೇ ಮಾಡುದು. ಅಂಗಡಿಯದ್ದರ ವಾಸನೆ ಬೇರೆ, ಮನೆಯದ್ದರ ವಾಸನೆ ಬೇರೆ." ಅವನು ಮಕ್ಕಳ ಕಡೆ ತಿರುಗಿ ನಕ್ಕ. "ನುಹಾ ಯಾರು? ಬಾ ಮಗಾ. ನಿಮ್ಮ ಮನೆ ಆಂಟಿಗೆ ಹುಷಾರುಂಟಾ?"

ನುಹಾ ಎದ್ದು ಬಂದಳು. "ಯಾವ ಆಂಟಿ, ಅಂಕಲ್?" ಎಂದಳು. ಒಂದು ರೆಪ್ಪೆ ಅಲುಗಲಿಲ್ಲ. ಎರಡೇ ದಿನದಲ್ಲಿ ಮಗು ಅಷ್ಟು ಕಲಿತಿತ್ತು.

"ಹರ್ಬರ್ಟ್, ನೀನೇ ಹೇಳಿದ್ದಲ್ವಾ?"

ಹರ್ಬರ್ಟ್ ತಂದೆಯನ್ನು ನೋಡಿದ, ನುಹಾಳನ್ನು ನೋಡಿದ. ಕಿವಿಯ ತುದಿ ಕೆಂಪಾಯಿತು. "ನಾನು ಸುಳ್ಳು ಹೇಳಿದ್ದು ಡ್ಯಾಡಿ," ಎಂದ. "ರೊಟ್ಟಿ ಬಸ್ಸಲ್ಲಿ ಬಿದ್ದಿತ್ತು. ನಾನು ಹೆಕ್ಕಿದ್ದು."

ನವ್ಯಶ್ರೀಯ ಕಣ್ಣು ತುಂಬಿತು. ಅವಳು ಕಲಿಸಬೇಕೆಂದು ಹೊರಟದ್ದು ಇದನ್ನೇ. ಒಬ್ಬರ ನೋವನ್ನು ಇನ್ನೊಬ್ಬರು ಹೊರುವುದನ್ನು. ಹುಡುಗ ಕಲಿತೇಬಿಟ್ಟಿದ್ದ.

ರೋಕ್ ಮಗನನ್ನೇ ನೋಡಿದ. ಆಮೇಲೆ ರೊಟ್ಟಿಯ ತುಂಡನ್ನು ಜೋಪಾನವಾಗಿ ಸುತ್ತಿ ಜೇಬಿಗಿಟ್ಟ.

"ಇವ ನನ್ನೆದುರು ಸುಳ್ಳು ಹೇಳುದು ಇದೇ ಮೊದಲು," ಎಂದ ಮೆಲ್ಲಗೆ. "ಇಲ್ಲದವಳಿಗೋಸ್ಕರ ಯಾರೂ ಹೀಗೆ ಸುಳ್ಳು ಹೇಳುದಿಲ್ಲ ಟೀಚರೇ. ನನಗೂ ಒಬ್ಬ ಕಫೀಲ್ ಇದ್ದಾನೆ, ಎಂತ ಮಾಡುದು?"

ಅವನು ಬಾಗಿಲು ದಾಟಿದ್ದೇ ತಡ, ನವ್ಯಶ್ರೀ ಕಾರಿಡಾರಿಗೆ ಓಡಿ ಕದೀಜಾಳಿಗೆ ಫೋನು ಹಚ್ಚಿದಳು. ಕಿಟಕಿಯ ಕೆಳಗೆ, ಗೇಟಿನ ಹತ್ತಿರ, ರೋಕ್ ಕೂಡ ಫೋನು ಕಿವಿಗಿಟ್ಟುಕೊಂಡು ನಿಂತಿದ್ದ. ಅವನು ಒಂದೇ ಮಾತು ಆಡಿ ಫೋನು ಜೇಬಿಗೆ ಹಾಕಿದ.

"ಕದೀಜಾ, ಅವಳನ್ನು ಈಗಲೇ ಬೇರೆ ಎಲ್ಲಿಗಾದ್ರೂ ಕಳಿಸಿ! ಈಗಲೇ!"

"ಎಲ್ಲಿಗೆ ಕಳಿಸುದು ಟೀಚರೇ, ಬೆಳಿಗ್ಗೆಯಿಂದ ಕೆಳಗೆ ಒಂದು ಬಿಳಿ ವ್ಯಾನ್ ನಿಂತಿದೆ," ಎಂದಳು ಕದೀಜಾ. ಉಸಿರು ಎಳೆದುಕೊಂಡದ್ದು ಕೇಳಿಸಿತು. "ಈಗ ಅದರಿಂದ ಇಳಿದು ಮೇಲೆ ಬರ್ತಾ ಇದ್ದಾರೆ."

ಫೋನಿನೊಳಗೆ ಬೆಲ್ ಹೊಡೆಯಿತು. ಬರಿಗಾಲಿನ ಓಟ ಕೇಳಿಸಿತು, ಚಿಲಕ ಬಿದ್ದ ಸದ್ದು ಕೇಳಿಸಿತು. ಬೆಲ್ ಮತ್ತೆ ಹೊಡೆಯಿತು, ನಿಲ್ಲದೆ.

ಯಾರೋ ಸೀರೆಯ ಸೆರಗು ಜಗ್ಗಿದರು. ನುಹಾ ಬಂದು ನಿಂತಿದ್ದಳು, ಒಂದು ಹೆಜ್ಜೆ ಹಿಂದೆ ಹರ್ಬರ್ಟ್. ಇಬ್ಬರ ಮುಖದಲ್ಲೂ ಪರೀಕ್ಷೆ ಬರೆದು ಬಂದ ಮಕ್ಕಳ ಕಾತರ.

"ಮಿಸ್, ನಾವು ಸರಿಯಾಗಿ ಹೇಳಿದೆವಾ?"

"ಸರಿಯಾಗೇ ಹೇಳಿದಿರಿ ಮಗಾ," ಎಂದಳು ನವ್ಯಶ್ರೀ. ಫೋನಿನಿಂದ ಬರುತ್ತಿದ್ದ ಸದ್ದು ಮಕ್ಕಳಿಗೆ ಕೇಳಿಸದಿರಲೆಂದು ಅದನ್ನು ಎದೆಗೆ ಒತ್ತಿ ಹಿಡಿದುಕೊಂಡಳು.